ಒಂದು ರೇಡಿಯೋ, ನಾಲ್ಕು ಮೊಬೈಲ್

ಭದ್ರಾವತಿಯ ಮನೆಗಳಲ್ಲಿ ನಮ್ಮ ಅಜ್ಜಂದಿರ ಕಾಲಕ್ಕೆ ಇದ್ದದ್ದು ಒಂದೇ ರೇಡಿಯೋ. 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ ಹಾಕಿದ್ದನ್ನೇ ಇಡೀ ಮನೆ ಕೇಳಬೇಕು. ವಿಐಎಸ್‌ಎಲ್‌ನಲ್ಲೋ ಎಂಪಿಎಂನಲ್ಲೋ ಶಿಫ್ಟ್ ಮುಗಿಸಿ ಬಂದ ಅಪ್ಪನಿಗೂ ಓದಲು ಕೂತ ಮಗನಿಗೂ ಕಿವಿಗೆ ಬೀಳುತ್ತಿದ್ದದ್ದು ಅದೇ ವಾರ್ತೆ, ಅದೇ ಹಾಡು. ಹಿಡಿಸದಿದ್ದರೆ ಜಗಳ. ಜಗಳವೂ ಮಾತೇ ಅಲ್ವಾ?

ಈಗ ಮನೆಗೆ ನಾಲ್ಕು ಮೊಬೈಲ್. ಯೂಟ್ಯೂಬ್, ಇನ್‌ಸ್ಟಾಗ್ರಾಂಗಳ ಅಲ್ಗಾರಿದಂ ಮನೆಯನ್ನು ನೋಡೋದಿಲ್ಲ, ಒಬ್ಬೊಬ್ಬರನ್ನೇ ನೋಡುತ್ತದೆ. ಯಾವ ವಿಡಿಯೋ ಎಷ್ಟು ಹೊತ್ತು ನೋಡಿದೆವು, ಯಾವುದನ್ನು ತಳ್ಳಿ ಮುಂದೆ ಹೋದೆವು ಅಂತ ಲೆಕ್ಕವಿಟ್ಟು ಅಂಥದ್ದನ್ನೇ ಮತ್ತೆ ಕೊಡುತ್ತದೆ. ಹಾಗಾಗಿ ಒಂದೇ ಸೋಫಾದಲ್ಲಿ ಕೂತ ಅಪ್ಪ, ಮಗಳಿಗೆ ಕಾಣೋದು ಎರಡು ಬೇರೆ ಲೋಕ. 'ಫೋನ್ ಬಿಡು' ಅಂತ ಅಪ್ಪ; 'ನೀವು ಬಿಟ್ಟಿದ್ದೀರಾ?' ಅಂತ ಮಗಳು. ಇಬ್ಬರದೂ ಸರಿಯೇ!

ಪಿಯುಸಿಯಲ್ಲಿ ಅಂಕ ಕಡಿಮೆಯಾದಾಗ ನಮ್ಮಲ್ಲಿ ಹಲವರು ಮೊದಲು ಹೇಳಿದ್ದು ಅಮ್ಮನಿಗಲ್ಲ, ವಾಟ್ಸಾಪ್ ಗ್ರೂಪಿಗೆ. ಫೋನ್ ಕಿತ್ತಿಟ್ಟರೆ ಆ ಮಾತು ಅಮ್ಮನ ಹತ್ತಿರ ಬರೋದಿಲ್ಲ, ಒಳಗೇ ಉಳಿಯುತ್ತದೆ. ಅದಕ್ಕಿಂತ ಮಗಳು ನೋಡುವ ರೀಲ್ಸನ್ನೇ ಪಕ್ಕದಲ್ಲಿ ಕೂತು ನೋಡಿ, 'ಇದರಲ್ಲಿ ನಗೋದು ಏನಿದೆ, ನಂಗೂ ಹೇಳು' ಅನ್ನಬಹುದು. ಇಲ್ಲವೇ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೈಕಲ್ಲಿ ಒಟ್ಟಿಗೆ ಬರಬಹುದು. ಸುಮಾರು 20 ಕಿಲೋಮೀಟರ್, ಮುಖ ನೋಡದೆ ಮಾತಾಡುವ ಅವಕಾಶ. ಕಷ್ಟದ ಮಾತು ಬಾಯಿಗೆ ಬರೋದು ಹಾಗೆ ಕೂತಾಗಲೇ.

ಮನೆಯಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗೆಂದೇ 2014ರಲ್ಲಿ ಶುರುವಾದ 'ಶಟ್' ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಟೆಲಿ ಮನಸ್, 14416. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಅಮ್ಮಂದಿರೂ ಕರೆ ಮಾಡಬಹುದು.