ಬಂಡುಕೋರನಿಗೆ ಕುರ್ಚಿ ಹಾಕುವ ಲೆಕ್ಕ

1966ರ ಮಾರ್ಚ್ 5ರಂದು ಭಾರತೀಯ ವಾಯುಪಡೆಯ ವಿಮಾನಗಳು ಐಜ್ವಾಲ್ ಪಟ್ಟಣದ ಮೇಲೆ ಬಾಂಬ್ ಹಾಕಿದವು. ಅದಕ್ಕೆ ನಾಲ್ಕು ದಿನ ಮೊದಲು ಮಿಜೋ ನ್ಯಾಷನಲ್ ಫ್ರಂಟ್ ಸ್ವತಂತ್ರ ದೇಶವನ್ನು ಘೋಷಿಸಿಕೊಂಡಿತ್ತು. ಇಪ್ಪತ್ತು ವರ್ಷಗಳ ಮೇಲೆ ಅದೇ ಸಂಘಟನೆಯ ನಾಯಕ ಲಾಲ್‌ಡೆಂಗಾ ಭಾರತದ ಸಂವಿಧಾನದ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿ ಮಿಜೋರಾಂನ ಮುಖ್ಯಮಂತ್ರಿಯಾದರು. ಬಾಂಬ್ ಹಾಕಿದ ದೆಹಲಿಯೇ ಕುರ್ಚಿಯನ್ನೂ ಹಾಕಿತು. ಇದನ್ನು ಕೆಲವರು ಔದಾರ್ಯ ಎನ್ನುತ್ತಾರೆ, ಕೆಲವರು ಶರಣಾಗತಿ ಎನ್ನುತ್ತಾರೆ. ಎರಡೂ ಅಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನ ಜೊತೆ ಹೋರಾಡುವುದು ಯಾವ ಸರ್ಕಾರಕ್ಕೂ ಕಷ್ಟ. ಅವನಿಗೆ ಕಳೆದುಕೊಳ್ಳುವಂಥದ್ದೇನಾದರೂ ಕೊಟ್ಟುಬಿಟ್ಟರೆ ಆಟವೇ ಬೇರೆಯಾಗುತ್ತದೆ. ಸ್ವಾಯತ್ತತೆಯ ಹಿಂದಿರುವುದು ಈ ಲೆಕ್ಕ. ಆದರೆ ಕೊಟ್ಟದ್ದು ನಿಜವಾದ ಅಧಿಕಾರವಾಗಿರಬೇಕು, ಮತ್ತು ಅದು ಬಂದೂಕು ಹಿಡಿದವನ ಕೈಗೇ ತಲುಪಬೇಕು.

ಮಿಜೋ ಜನರಿಗೆ ಸ್ವಾಯತ್ತತೆ ಮೊದಲೇ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ಸಂವಿಧಾನದ ಆರನೇ ಅನುಸೂಚಿಯ ಪ್ರಕಾರ 1952ರಲ್ಲೇ ಅಲ್ಲಿ ಸ್ವಾಯತ್ತ ಜಿಲ್ಲಾ ಮಂಡಳಿ ಬಂದಿತ್ತು. ಆದರೆ ಆ ಬೆಟ್ಟಗಳು ಆಗ ಅಸ್ಸಾಂನ ಭಾಗವಾಗಿದ್ದವು, ಬೊಕ್ಕಸದ ಬೀಗದ ಕೈ ಅಸ್ಸಾಂ ಸರ್ಕಾರದ ಬಳಿ ಇತ್ತು. ಬಿದಿರು ಹೂ ಬಿಟ್ಟರೆ ಬರ ಎಂಬ ಮಾತು ನಮ್ಮ ಮಲೆನಾಡಿನಲ್ಲೂ ಇದೆ. ಮಿಜೋ ಬೆಟ್ಟಗಳಲ್ಲಿ ಅದು ಸುಮಾರು 48 ವರ್ಷಕ್ಕೊಮ್ಮೆ ನಿಜವಾಗುತ್ತದೆ. ಬಿದಿರಕ್ಕಿ ತಿಂದು ಹೆಚ್ಚಿದ ಇಲಿಗಳು ಆಮೇಲೆ ಗದ್ದೆಗೂ ಕಣಜಕ್ಕೂ ನುಗ್ಗುತ್ತವೆ. 1950ರ ದಶಕದ ಕೊನೆಯಲ್ಲಿ ಈ ಅಪಾಯದ ಮುನ್ಸೂಚನೆ ಕೊಟ್ಟಾಗ ಅಸ್ಸಾಂ ಸರ್ಕಾರ ಅದನ್ನು ಬುಡಕಟ್ಟಿನವರ ಮೂಢನಂಬಿಕೆ ಎಂದು ತಳ್ಳಿಹಾಕಿತು. 1959ರಲ್ಲಿ ಕ್ಷಾಮ ಬಂತು. ಹಸಿದವರಿಗೆ ಅಕ್ಕಿ ಹಂಚಲು ಹುಟ್ಟಿದ ಮಿಜೋ ನ್ಯಾಷನಲ್ ಫ್ಯಾಮಿನ್ ಫ್ರಂಟ್ 1961ರಲ್ಲಿ ತನ್ನ ಹೆಸರಿನಿಂದ 'ಫ್ಯಾಮಿನ್' ಎಂಬ ಪದ ಕಳಚಿ ರಾಜಕೀಯ ಪಕ್ಷವಾಯಿತು. ಅದರ ಹಿಂದಿನ ವರ್ಷವಷ್ಟೇ ಅಸ್ಸಾಮಿಯನ್ನು ರಾಜ್ಯದ ಆಡಳಿತ ಭಾಷೆ ಮಾಡುವ ಕಾನೂನು ಬಂದಿತ್ತು. ಅಧಿಕಾರವಿಲ್ಲದ ಮಂಡಳಿ ಬಂಡಾಯವನ್ನು ತಡೆಯಲಿಲ್ಲ. ತಮ್ಮ ಕೈಯಲ್ಲಿ ಏನೂ ಇಲ್ಲ ಎಂಬುದನ್ನು ಜನರಿಗೆ ಇನ್ನಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ದಂಡದಿಂದ ಆಗಲಿಲ್ಲವೇ? 1967ರಿಂದ ಸೇನೆ ನೂರಾರು ಹಳ್ಳಿಗಳನ್ನು ಎಬ್ಬಿಸಿ, ಜನರನ್ನು ರಸ್ತೆ ಬದಿಯ ಕಾವಲು ಕೇಂದ್ರಗಳಿಗೆ ಸಾಗಿಸಿತು. ಬಂಡುಕೋರರಿಗೆ ಅನ್ನ ಸಿಗದಂತೆ ಮಾಡುವುದು ಉದ್ದೇಶ. ಅನ್ನ ಕಡಿಮೆಯಾಯಿತು, ಸಿಟ್ಟು ಹೆಚ್ಚಿತು. 1971ರಲ್ಲಿ ಬಾಂಗ್ಲಾದೇಶ ಹುಟ್ಟಿದಾಗ ಪೂರ್ವ ಪಾಕಿಸ್ತಾನದಲ್ಲಿದ್ದ ಲಾಲ್‌ಡೆಂಗಾ ಬಳಗದ ನೆಲೆಗಳು ಕೈತಪ್ಪಿದವು. ಮರುವರ್ಷ ಮಿಜೋರಾಂ ಕೇಂದ್ರಾಡಳಿತ ಪ್ರದೇಶವಾಯಿತು. ಹೀಗೆ ಒಬ್ಬರಿಗೆ ಗೆಲ್ಲಲಾಗದು, ಇನ್ನೊಬ್ಬರಿಗೆ ಮುಗಿಸಲಾಗದು ಎಂಬ ಸ್ಥಿತಿ. ಸಂಧಾನಕ್ಕೆ ಇದೇ ಹದ. ಆದರೂ ಮಾತುಕತೆ ಹಲವು ಸಲ ಮುರಿದುಬಿದ್ದು, 1986ರ ಜೂನ್ 30ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಶಸ್ತ್ರ ಒಪ್ಪಿಸಿದ್ದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಪೂರ್ಣ ರಾಜ್ಯ ಮತ್ತು ಸಂವಿಧಾನದ 371ಜಿ ವಿಧಿ. ನಮ್ಮ ಕಲ್ಯಾಣ ಕರ್ನಾಟಕದ 371ಜೆ ಅದೇ ಸಾಲಿನದಾದರೂ 371ಜಿಯ ಹುರುಳು ಬೇರೆ: ಮಿಜೋ ಜನರ ಧಾರ್ಮಿಕ ಆಚರಣೆ, ರೂಢಿಗತ ಕಾನೂನು, ಭೂಮಿಯ ಒಡೆತನ ಕುರಿತು ಸಂಸತ್ತು ಮಾಡುವ ಕಾಯ್ದೆ ಅಲ್ಲಿನ ವಿಧಾನಸಭೆ ಒಪ್ಪದೆ ಜಾರಿಯಾಗದು.

ಬಂದೂಕಿಗೆ ಬಹುಮಾನ ಕೊಟ್ಟಂತಾಗಲಿಲ್ಲವೇ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಚುನಾವಣೆಯಲ್ಲಿ ಗೆದ್ದು ಮುಖ್ಯಮಂತ್ರಿಯಾಗಿದ್ದ ಲಾಲ್ ಥನ್ಹಾವ್ಲಾ, ಗುಂಡು ಹಾರಿಸಿದವರಿಗಾಗಿ ಕುರ್ಚಿ ಬಿಡಬೇಕಾಯಿತು. ಅನ್ಯಾಯವೇ ಸರಿ. ಆದರೆ ಬಂದೂಕು ಹಿಡಿದವರನ್ನು ಹೊರಗಿಟ್ಟು ಸೌಮ್ಯರಿಗೆ ಮಾತ್ರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ನಾಗಾಲ್ಯಾಂಡ್ ಇದೆ. 1963ರಲ್ಲೇ ಅದು ರಾಜ್ಯವಾಯಿತು, 371ಎ ವಿಧಿಯೂ ಬಂತು. ನಾಗಾ ಬಂಡಾಯದ ನಾಯಕ ಫಿಜೋ ಅವರ ಬಣ ರಾಜ್ಯ ತಂದ ಒಪ್ಪಂದದಲ್ಲಿ ಇರಲಿಲ್ಲ, ಹಿಂಸೆಯೂ ನಿಲ್ಲಲಿಲ್ಲ. ಸ್ವಾಯತ್ತತೆ ಎಂದರೆ ದೇಶ ಒಡೆಯುವುದಕ್ಕೆ ಮೊದಲ ಮೆಟ್ಟಿಲು ಎನ್ನುವವರೂ ಇದ್ದಾರೆ. ಅವರು ಸುಡಾನ್ ಕಡೆ ನೋಡಬೇಕು. 1972ರ ಅಡಿಸ್ ಅಬಾಬ ಒಪ್ಪಂದ ದಕ್ಷಿಣಕ್ಕೆ ಸ್ವಾಯತ್ತತೆ ಕೊಟ್ಟು ಹತ್ತು ವರ್ಷ ಶಾಂತಿ ತಂದಿತ್ತು. 1983ರಲ್ಲಿ ಅಧ್ಯಕ್ಷ ನಿಮೇರಿ ಅದನ್ನು ಕಿತ್ತುಹಾಕಿದರು. ಮತ್ತೆ ಯುದ್ಧ, ಕೊನೆಗೆ 2011ರಲ್ಲಿ ದಕ್ಷಿಣ ಸುಡಾನ್ ಬೇರೆ ದೇಶ. ಶ್ರೀಲಂಕಾದಲ್ಲಿ ತಮಿಳರ ಜೊತೆ 1957ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಪ್ರಧಾನಿ ಬಂಡಾರನಾಯಕೆ ಮರುವರ್ಷವೇ ರದ್ದು ಮಾಡಿದರು. ಆಮೇಲಿನ ಅಂತರ್ಯುದ್ಧದ ಕಥೆ ಗೊತ್ತೇ ಇದೆ.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ದೆಹಲಿಯಿಂದ ಅಧಿಕಾರ ಪಡೆದ ಬಹುಸಂಖ್ಯಾತ ಮಿಜೋ ಸಮಾಜ ತನ್ನೊಳಗಿನ ಚಿಕ್ಕವರಿಗೆ ಅದೇ ಉದಾರತೆ ತೋರಲಿಲ್ಲ. 1997ರ ಸಂಘರ್ಷದಲ್ಲಿ ಬ್ರೂ ಬುಡಕಟ್ಟಿನ ಸಾವಿರಾರು ಜನ ತ್ರಿಪುರಾಕ್ಕೆ ಓಡಿಹೋದರು. 2020ರಲ್ಲಿ ಅವರನ್ನು ಅಲ್ಲಿಯೇ ನೆಲೆಗೊಳಿಸುವ ಒಪ್ಪಂದವಾಯಿತು. ಸ್ವಾಯತ್ತತೆ ಒಂದು ಜಗಳವನ್ನು ಮುಗಿಸುತ್ತದೆ, ಎಲ್ಲ ಜಗಳವನ್ನಲ್ಲ.

ಆದರೆ ಮುಖ್ಯವಾದ ಪರೀಕ್ಷೆಯಲ್ಲಿ ಮಿಜೋರಾಂ ಗೆದ್ದಿತು. 1988ರಲ್ಲಿ ಪಕ್ಷಾಂತರದಿಂದ ಸರ್ಕಾರ ಬಿದ್ದು, ಮರುವರ್ಷದ ಚುನಾವಣೆಯನ್ನೂ ಸೋತಾಗ ಲಾಲ್‌ಡೆಂಗಾ ಕಾಡಿಗೆ ಹೋಗಲಿಲ್ಲ. ಭೂಗತ ದಿನಗಳಲ್ಲಿ ಅವರ ಕಾರ್ಯದರ್ಶಿಯಾಗಿದ್ದ ಜೋರಮ್‌ಥಂಗಾ ಮುಂದೆ ಮೂರು ಸಲ ಮುಖ್ಯಮಂತ್ರಿಯಾದರು. 2023ರ ಡಿಸೆಂಬರ್ 4ರಂದು ಮತ ಎಣಿಕೆಯಲ್ಲಿ ಅವರ ಪಕ್ಷವೂ ಸೋತಿತು, ಅವರೂ ಸೋತರು. ಅಂದೇ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟರು.