ಸನ್ನಡತೆಯ ಬಾಂಡ್: ಷರತ್ತು ತಪ್ಪಿದರೆ ಆಗುವುದೇನು?

ಹೊಲದ ಬದುವಿನ ಜಗಳ, ಜಾತ್ರೆಯ ಹೊಡೆದಾಟ, ಸಣ್ಣ ಕಳವು ಮೊದಲಾದ ಪ್ರಕರಣಗಳಲ್ಲಿ ತಪ್ಪು ಸಾಬೀತಾದ ಮೇಲೂ ನ್ಯಾಯಾಲಯವು ಕೆಲವರನ್ನು ಸೆರೆಮನೆಗೆ ಕಳುಹಿಸದೆ, ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡುವುದುಂಟು. 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ, ಅಂದರೆ ರೂಢಿಯಲ್ಲಿ ಪ್ರೊಬೇಷನ್ ಕಾಯ್ದೆ, ಇದಕ್ಕೆ ಆಧಾರ. ಬಾಂಡಿನ ಅವಧಿ 3 ವರ್ಷ ಮೀರುವಂತಿಲ್ಲ. ಮೇಲ್ವಿಚಾರಣೆಗೆ ಒಪ್ಪಿಸಿದರೆ ಅದು 1 ವರ್ಷಕ್ಕಿಂತ ಕಡಿಮೆಯಿರದು.

ಮನೆಗೆ ಮರಳಿದ ಯುವಕನೂ ಅವನ ತಂದೆತಾಯಿಗಳೂ ಕೇಸು ಮುಗಿಯಿತೆಂದು ಭಾವಿಸುವುದು ಸಹಜ. ಆದರೆ ಇದು ಖುಲಾಸೆಯಲ್ಲ; ಶಿಕ್ಷೆಯನ್ನು ತಡೆಹಿಡಿಯಲಾಗಿದೆ, ಅಷ್ಟೆ. ಷರತ್ತು ತಪ್ಪಿದನೆಂದು ಪ್ರೊಬೇಷನ್ ಅಧಿಕಾರಿಯ ವರದಿಯಿಂದಲೋ ಅನ್ಯ ಮೂಲದಿಂದಲೋ ತಿಳಿದುಬಂದರೆ, 9ನೆಯ ಕಲಮಿನಂತೆ ನ್ಯಾಯಾಲಯವು ಅವನ ಮೇಲೆ ವಾರಂಟ್ ಹೊರಡಿಸಬಹುದು; ಇಲ್ಲವೆ ಅವನಿಗೂ ಜಾಮೀನುದಾರರಿಗೂ ಸಮನ್ಸ್ ಕಳುಹಿಸಬಹುದು. ವಿಚಾರಣೆಯ ನಂತರ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸುವ ಅಧಿಕಾರ ಅದಕ್ಕಿದೆ. ಮೊದಲ ಸಲದ ತಪ್ಪಾದರೆ ಬಾಂಡನ್ನು ಮುಂದುವರಿಸಿ 50 ರೂಪಾಯಿಯವರೆಗೆ ದಂಡ ಹಾಕಲೂಬಹುದು. ಮೊತ್ತ ಅಲ್ಪವೆಂದು ಅಸಡ್ಡೆ ತೋರಬಾರದು. ಹೇಳಿದ ಗಡುವಿನೊಳಗೆ ಅದನ್ನು ಕಟ್ಟದಿದ್ದರೂ ಮೂಲ ಶಿಕ್ಷೆ ಬರಬಹುದು. ಪರಿಹಾರದ ಹಣ ಕೊಡಬೇಕೆಂಬ ಆದೇಶವಿದ್ದರೆ ಅದನ್ನು ದಂಡದಂತೆಯೇ ವಸೂಲು ಮಾಡುತ್ತಾರೆ.

ಇನ್ನೊಂದು ನಷ್ಟವು ಕಣ್ಣಿಗೆ ಬೀಳುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅದೇ ದೊಡ್ಡದು. ಅಪರಾಧ ಸಾಬೀತಾದವರಿಗೆ ಬೇರೆ ಕಾನೂನುಗಳಡಿ ಅಂಟುವ ಅನರ್ಹತೆಯಿಂದ 12ನೆಯ ಕಲಂ ಪ್ರೊಬೇಷನ್ ಪಡೆದವನನ್ನು ಕಾಯುತ್ತದೆ. ಮುಂದೆ ಮೂಲ ಅಪರಾಧಕ್ಕೆ ಶಿಕ್ಷೆಯಾಯಿತೆಂದರೆ ಈ ರಕ್ಷಣೆ ಉಳಿಯುವುದಿಲ್ಲ. ಇಪ್ಪತ್ತರ ಹರೆಯದ ಹುಡುಗನಿಗೆ ಇದು ಬದುಕಿಡೀ ಕಾಡುವ ಪೆಟ್ಟು.

ನಮ್ಮ ಸೀಮೆಯಲ್ಲಿ ಷರತ್ತು ತಪ್ಪಲು ದುರ್ನಡತೆಯೇ ಕಾರಣವಾಗಬೇಕೆಂದಿಲ್ಲ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಿಂತಾಗ ನೇಕಾರನು ಇಚಲಕರಂಜಿಯ ದಾರಿ ಹಿಡಿಯಬಹುದು. ಮುಧೋಳ, ಜಮಖಂಡಿ, ಬೀಳಗಿಯ ಹಳ್ಳಿಗಳಿಂದ ಕಬ್ಬು ಕಡಿಯಲು ಇಲ್ಲವೆ ಗಾರೆ ಕೆಲಸಕ್ಕೆ ಪರಸ್ಥಳಕ್ಕೆ ಹೋಗಬಹುದು. ಬಾಂಡಿನಲ್ಲಿ ವಾಸಸ್ಥಳದ ಷರತ್ತಿದ್ದರೆ ಹೊಟ್ಟೆಪಾಡಿನ ಈ ಪ್ರಯಾಣವೂ ಉಲ್ಲಂಘನೆಯೆನಿಸೀತು. ಆದುದರಿಂದ ಊರು ಬಿಡುವ ಮುನ್ನವೇ ಪ್ರೊಬೇಷನ್ ಅಧಿಕಾರಿಯನ್ನು ಕಂಡು ಕಾರಣ ತಿಳಿಸಬೇಕು. ಅವರು ಅರ್ಜಿ ಸಲ್ಲಿಸಿದರೆ 8ನೆಯ ಕಲಮಿನಂತೆ ನ್ಯಾಯಾಲಯವು ಷರತ್ತನ್ನು ಬದಲಿಸಬಲ್ಲದು, ಅವಧಿಯನ್ನು ಹೆಚ್ಚು-ಕಡಿಮೆ ಮಾಡಬಲ್ಲದು. ನಡತೆ ತೃಪ್ತಿಕರವಾಗಿದ್ದು ಮೇಲ್ವಿಚಾರಣೆ ಇನ್ನು ಅಗತ್ಯವಿಲ್ಲವೆಂದು ಕಂಡರೆ ಬಾಂಡನ್ನೇ ಮುಕ್ತಗೊಳಿಸಬಲ್ಲದು. ಗಡುವು ದಾಟಿದ ಮೇಲೆ ಹೇಳುವ ಕಾರಣಕ್ಕಿಂತ ಮೊದಲೇ ಹೇಳಿದ ಕಾರಣಕ್ಕೆ ತೂಕ ಹೆಚ್ಚು.

ನುಡಿ ಕೊಟ್ಟವನು ನಡೆಯಲ್ಲಿ ಅದನ್ನು ತೋರಬೇಕೆಂಬ ಶರಣರ ಬೋಧೆಯಲ್ಲಿ ಬೆಳೆದ ನಮಗೆ ಬಾಂಡೆಂದರೆ ಬರಿಯ ಕಾಗದವಲ್ಲ. ಸಹಿ ಹಾಕುವಾಗ ಅದನ್ನು ಕನ್ನಡದಲ್ಲಿ ಓದಿಸಿ ಕೇಳಿಕೊಳ್ಳಲು ಸಂಕೋಚ ಬೇಡ. ವಕೀಲರನ್ನಿಡಲು ಶಕ್ತಿಯಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, ಸಹಾಯವಾಣಿ 15100. ಬಾಂಡ್ ಮುಟ್ಟುಗೋಲಾದರೆ ಅದರ ಹಣವನ್ನು ಜಾಮೀನುದಾರನಿಂದಲೂ ಕೇಳಬಹುದಾದ್ದರಿಂದ, ಜಾಮೀನು ನಿಲ್ಲುವ ಹಿರಿಯರೂ ಒಂದು ನಕಲನ್ನು ತಮ್ಮ ಬಳಿ ಇರಿಸಿಕೊಳ್ಳುವುದು ಲೇಸು.