ಮನೆಗೆ ಆಟದ ಲ್ಯಾಪ್‌ಟಾಪನ್ನು ಕೊಳ್ಳುವ ಬಗೆ

ಹಸುವನ್ನು ಕೊಳ್ಳಹೋದ ಗೃಹಸ್ಥನು ಅದರ ಬಣ್ಣವನ್ನು ನೋಡಿ ಹಣವನ್ನೆಣಿಸುವುದಿಲ್ಲ. ಹಲ್ಲನ್ನು ನೋಡುತ್ತಾನೆ, ಕೆಚ್ಚಲನ್ನು ಮುಟ್ಟುತ್ತಾನೆ, ಎಷ್ಟನೆಯ ಸೂಲೆಂದು ವಿಚಾರಿಸುತ್ತಾನೆ, ಸಾಧ್ಯವಾದರೆ ಒಂದು ಹೊತ್ತು ಎದುರಿಗೇ ಹಾಲು ಕರೆಯಿಸಿ ನೋಡುತ್ತಾನೆ. ಇಷ್ಟು ಜಾಗರೂಕನಾದವನೇ, ಮಕ್ಕಳಿಗಾಗಿ ಲಕ್ಷ ರೂಪಾಯಿನ ಲ್ಯಾಪ್‌ಟಾಪನ್ನು ಕೊಳ್ಳಹೋದಾಗ, ಕೀಲಿಮಣೆಯ ಮಗ್ಗುಲಲ್ಲಿ ಅಂಟಿಸಿರುವ ಬಣ್ಣದ ಚೀಟಿಯೊಂದನ್ನು ಓದಿ ತೃಪ್ತನಾಗಿ ಮನೆಗೆ ಬರುತ್ತಾನೆ. ನಾವೂ ಹಾಗೆಯೇ ಮಾಡಿದೆವು. ಆ ತಪ್ಪಿನಿಂದ ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

೨೦೨೪ರ ಬೇಸಗೆಯಲ್ಲಿ ನಮ್ಮ ಕಿರಿಯ ಮಗನು ಪಿಯುಸಿಯಲ್ಲಿ ತೇರ್ಗಡೆ ಹೊಂದಿ ಎಂಜಿನಿಯರಿಂಗ್ ಕಾಲೇಜನ್ನು ಸೇರುವವನಿದ್ದನು. ಓದಿಗೂ ಒದಗಬೇಕು, ಬಿಡುವಿನಲ್ಲಿ ಆಟಕ್ಕೂ ಒದಗಬೇಕು, ಅಂತಹ ಲ್ಯಾಪ್‌ಟಾಪೊಂದನ್ನು ಕೊಡಿಸಿರೆಂದು ಕೇಳಿದನು. ಆಟವೆಂಬ ಮಾತು ಕಿವಿಗೆ ಬಿದ್ದೊಡನೆಯೇ ನಾವು ಹುಬ್ಬು ಗಂಟಿಕ್ಕಿದೆವು. ಆದರೂ ಮೊದಲೇ ಮಾತು ಕೊಟ್ಟಿದ್ದುದರಿಂದ ಅವನನ್ನು ಕರೆದುಕೊಂಡು ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋದೆವು. ಅಂಗಡಿಯವನು ಎರಡು ಯಂತ್ರಗಳನ್ನು ಮುಂದಿಟ್ಟನು. ಒಂದು ಹಳೆಯ ಖಾತೆ ಪುಸ್ತಕದಂತೆ ದಪ್ಪನಾದುದು. ಇನ್ನೊಂದು ಹಲಗೆಯಂತೆ ತೆಳ್ಳಗಿದ್ದು ನೋಡಲು ಅಂದವಾದುದು. ಎರಡರ ಮೇಲೆಯೂ ಜೀಫೋರ್ಸ್ ಆರ್‌ಟಿಎಕ್ಸ್ ೪೦೬೦ ಎಂಬ ಒಂದೇ ಹೆಸರು. ಹುಡುಗನ ಕೈ ದಪ್ಪ ಯಂತ್ರದ ಮೇಲಿತ್ತು. “ಹೆಸರು ಒಂದೇ ಆದಮೇಲೆ ಭಾರವನ್ನೇಕೆ ಹೊರುವೆ?” ಎಂದು ಹೇಳಿ ನಾವು ಆರು ಸಾವಿರ ರೂಪಾಯಿ ಹೆಚ್ಚಾಗಿಯೇ ಕೊಟ್ಟು ತೆಳ್ಳನೆಯದನ್ನು ತಂದೆವು. ಅವನು ಏನೂ ಹೇಳಲಿಲ್ಲ.

ಆ ಹೆಸರಿನ ಅರ್ಥವೇನೆಂಬುದನ್ನು ಮೊದಲು ವಿಚಾರಿಸೋಣ. ಸಾಮಾನ್ಯವಾದ ಪರದೆಯೊಂದರಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳಿರುತ್ತವೆ. ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಆಟವು ತಡೆಯಿಲ್ಲದೆ ಸಾಗಬೇಕಾದರೆ ಈ ಚುಕ್ಕೆಗಳೆಲ್ಲವನ್ನೂ ಸೆಕೆಂಡಿಗೆ ೬೦ ಸಲವಾದರೂ ಹೊಸದಾಗಿ ಬರೆಯಬೇಕು. ಎಂದರೆ ಪ್ರತಿ ಸೆಕೆಂಡಿಗೆ ೧೨ ಕೋಟಿ ೪೪ ಲಕ್ಷ ಚುಕ್ಕೆಗಳಿಗೆ ಬಣ್ಣವನ್ನು ನಿರ್ಣಯಿಸಬೇಕು. ಈ ಕೆಲಸಕ್ಕೆಂದೇ ಪ್ರತ್ಯೇಕವಾದ ಚಿತ್ರದ ಚಿಪ್ಪೊಂದು ಯಂತ್ರದಲ್ಲಿರುವುದು. ೧೯೯೯ರಲ್ಲಿ ಎನ್‌ವಿಡಿಯಾ ಕಂಪೆನಿಯವರು ಜೀಫೋರ್ಸ್ ೨೫೬ ಎಂಬುದನ್ನು ಹೊರತಂದು ಅದನ್ನು ಜಿಪಿಯು ಎಂದು ಕರೆದರು. ಅಂದಿನಿಂದ ಆ ಹೆಸರು ಜನಪ್ರಿಯವಾಯಿತು. ನಾವು ತಂದ ೪೦೬೦ ಎಂಬ ಚಿಪ್ಪಿನಲ್ಲಿ ಒಟ್ಟಿಗೆ ಲೆಕ್ಕಮಾಡುವ ೩,೦೭೨ ಸಣ್ಣ ಘಟಕಗಳಿವೆ.

ಘಟಕಗಳ ಸಂಖ್ಯೆ ಎರಡು ಯಂತ್ರಗಳಲ್ಲಿಯೂ ಒಂದೇ ನಿಜ. ಆದರೆ ಅವುಗಳಿಗೆ ಉಣಿಸುವ ವಿದ್ಯುಚ್ಛಕ್ತಿಯು ಒಂದೇ ಅಲ್ಲ. ಲ್ಯಾಪ್‌ಟಾಪಿನ ೪೦೬೦ಕ್ಕೆ ೩೫ ವಾಟ್‌ನಿಂದ ೧೧೫ ವಾಟ್‌ವರೆಗೆ ಎಷ್ಟು ಬೇಕಾದರೂ ಗೊತ್ತುಪಡಿಸಲು ಯಂತ್ರವನ್ನು ಕಟ್ಟುವವರಿಗೆ ಅವಕಾಶವುಂಟು. ಅದಕ್ಕೆ ತಕ್ಕಂತೆ ಚಿಪ್ಪಿನ ವೇಗವು ೧,೪೭೦ ಮೆಗಾಹರ್ಟ್ಸ್‌ನಿಂದ ೨,೩೭೦ ಮೆಗಾಹರ್ಟ್ಸ್‌ವರೆಗೆ ಬದಲಾಗುವುದು. ಹಸುವಿನ ತಳಿ ಒಂದೇ ಆದರೂ ಹಿಂಡಿ ಹಾಕುವ ಮನೆಯಲ್ಲಿ ಕರೆಯುವ ಹಾಲೇ ಬೇರೆ, ಒಣಹುಲ್ಲಿನ ಮನೆಯಲ್ಲಿ ಕರೆಯುವ ಹಾಲೇ ಬೇರೆ ಅಲ್ಲವೆ? ೨೦೧೭ರಿಂದ ಕೆಲವು ವರ್ಷ, ಕಡಮೆ ಶಕ್ತಿಯ ಚಿಪ್ಪುಗಳಿಗೆ ಮ್ಯಾಕ್ಸ್-ಕ್ಯೂ ಎಂಬ ಪ್ರತ್ಯೇಕವಾದ ಬಾಲನಾಮವಿದ್ದು ಕೊಳ್ಳುವವನಿಗೆ ಗುರುತು ಸಿಕ್ಕುತ್ತಿತ್ತು. ೨೦೨೧ರಿಂದ ಈಚೆಗೆ ಆ ಭೇದವು ಹೆಸರಿನಲ್ಲಿ ಕಾಣಿಸುವುದಿಲ್ಲ. ೨೦೨೫ರಲ್ಲಿ ಬಂದ ೫೦ರ ಸರಣಿಯಲ್ಲಿಯೂ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವಾಟ್‌ಗಳುಂಟು. ಆದುದರಿಂದ ಅಂಗಡಿಯಲ್ಲಿ ಕೇಳತಕ್ಕ ಮೊದಲನೆಯ ಪ್ರಶ್ನೆಯು “ಯಾವ ಚಿಪ್ಪು?” ಎಂಬುದಲ್ಲ, “ಎಷ್ಟು ವಾಟ್?” ಎಂಬುದು. ತಯಾರಕರ ವಿವರಪಟ್ಟಿಯಲ್ಲಿ ಇದನ್ನು ಹುಡುಕಬೇಕು. ೪೦೬೦ರ ಮಟ್ಟಿಗೆ ೧೦೦ರ ಹತ್ತಿರವಿದ್ದರೆ ಸಾಕು. ಅದಕ್ಕೂ ಮೇಲೆ ಹೆಚ್ಚುವ ವೇಗವು ಅಲ್ಪ.

ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ಕಳೆಯಬೇಕು. ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿನ ಚಿಪ್ಪಿಗೂ ಲ್ಯಾಪ್‌ಟಾಪಿನ ಚಿಪ್ಪಿಗೂ ಒಂದೇ ಅಂಕೆಯ ಹೆಸರಿರಬಹುದು. ದೊಡ್ಡ ಕಂಪ್ಯೂಟರಿನ ಆರ್‌ಟಿಎಕ್ಸ್ ೪೦೯೦ರಲ್ಲಿ ೧೬,೩೮೪ ಘಟಕಗಳು, ೨೪ ಗಿಗಾಬೈಟ್ ಸ್ಮೃತಿ, ೪೫೦ ವಾಟ್ ಶಕ್ತಿ. ಲ್ಯಾಪ್‌ಟಾಪಿನ ೪೦೯೦ರಲ್ಲಿ ೯,೭೨೮ ಘಟಕಗಳು, ೧೬ ಗಿಗಾಬೈಟ್ ಸ್ಮೃತಿ, ಹೆಚ್ಚೆಂದರೆ ೧೫೦ ವಾಟ್‌ನಷ್ಟು ಶಕ್ತಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಒಂದರ ಗುಣವರ್ಣನೆಯನ್ನು ಓದಿ ಇನ್ನೊಂದನ್ನು ಕೊಳ್ಳಬಾರದು.

ಉಂಡ ಶಕ್ತಿಯೆಲ್ಲವೂ ಕೊನೆಗೆ ಶಾಖವೇ ಆಗುವುದು. ಆ ಶಾಖವನ್ನು ತಾಮ್ರದ ಕೊಳವೆಗಳೂ ಫ್ಯಾನುಗಳೂ ಹೊರಕ್ಕೆ ಒಯ್ಯಬೇಕು. ತೆಳ್ಳನೆಯ ಒಡಲಿನಲ್ಲಿ ಇವುಗಳಿಗೆ ಸ್ಥಳ ಕಡಮೆ. ಶಾಖವು ಮಿತಿಮೀರಿದೊಡನೆಯೇ ಚಿಪ್ಪು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುವುದು. ಆದುದರಿಂದ ಅಂಗಡಿಯಲ್ಲಿ ಎರಡು ನಿಮಿಷ ಓಡಿಸಿ ನೋಡುವುದು ಪರೀಕ್ಷೆಯಾಗಲಾರದು. ಸಾಧ್ಯವಿದ್ದಲ್ಲಿ ಅರ್ಧ ಗಂಟೆ ಭಾರವಾದ ಆಟವನ್ನು ನಡೆಯಿಸಿ, ಕೊನೆಯಲ್ಲಿಯೂ ಚಿತ್ರಗಳು ಮೊದಲಿನಂತೆಯೇ ಸರಾಗವಾಗಿ ಓಡುತ್ತಿವೆಯೇ, ಫ್ಯಾನಿನ ಸದ್ದು ಮನೆಯವರು ಸಹಿಸುವಷ್ಟಿದೆಯೇ ಎಂಬುದನ್ನು ನೋಡಬೇಕು. ಮನೆಯಲ್ಲಿ ಹಾಸಿಗೆಯ ಮೇಲಿಟ್ಟು ಆಡಿದರೆ ಗಾಳಿಯ ಕಿಂಡಿಗಳು ಮುಚ್ಚಿಹೋಗುವುವು. ಗಟ್ಟಿಯಾದ ಮೇಜಿನ ಮೇಲಿಟ್ಟು, ಹಿಂಬದಿಯನ್ನು ತುಸು ಎತ್ತರಿಸಬೇಕು.

ಉಳಿದ ವಿಷಯಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಯಂತ್ರದ ಸ್ಮೃತಿ ಅಥವಾ ರ‍್ಯಾಮ್ ೧೬ ಗಿಗಾಬೈಟ್‌ಗೆ ಕಡಮೆಯಿರಬಾರದು. ಅದು ಒಂದೇ ಹಲಗೆಯಾಗಿರುವುದಕ್ಕಿಂತ ಎಂಟೆಂಟರ ಎರಡು ಹಲಗೆಗಳಾಗಿರುವುದು ಮೇಲು. ಅದನ್ನು ಮುಂದೆ ಹೆಚ್ಚಿಸಲಾಗುವುದೇ, ಇಲ್ಲವೇ ಬೆಸುಗೆ ಹಾಕಿಬಿಟ್ಟಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಆಟಗಳು ಆಕ್ರಮಿಸುವ ಜಾಗವೂ ಅಲ್ಪವಲ್ಲ. ರೆಡ್ ಡೆಡ್ ರಿಡೆಂಪ್ಷನ್ ೨ ಎಂಬ ಒಂದೇ ಆಟವು ೧೫೦ ಗಿಗಾಬೈಟ್ ಜಾಗವನ್ನು ಬೇಡುವುದು. ೫೧೨ ಗಿಗಾಬೈಟ್‌ನ ಉಗ್ರಾಣವು ಇಂತಹ ಎರಡು ಮೂರು ಆಟಗಳಿಗೇ ತುಂಬಿಹೋಗುವುದು.

ಬ್ಯಾಟರಿಯನ್ನು ನಂಬಿ ಆಟದ ಯಂತ್ರವನ್ನು ಕೊಳ್ಳಬಾರದು. ವಿಮಾನಪ್ರಯಾಣದ ನಿಯಮಗಳ ಕಾರಣದಿಂದ ಲ್ಯಾಪ್‌ಟಾಪಿನ ಬ್ಯಾಟರಿಯು ೧೦೦ ವಾಟ್-ಗಂಟೆಯನ್ನು ಮೀರುವುದು ಅಪೂರ್ವ. ಯಂತ್ರವು ೨೦೦ ವಾಟ್ ಎಳೆದರೆ ಅದು ಅರ್ಧ ಗಂಟೆಯ ಮಾತು. ಆದುದರಿಂದಲೇ ಗೋಡೆಯ ವಿದ್ಯುತ್ತನ್ನು ತೆಗೆದೊಡನೆ ಯಂತ್ರವು ತನ್ನ ಶಕ್ತಿಯನ್ನು ಬಹಳವಾಗಿ ತಗ್ಗಿಸಿಕೊಳ್ಳುವುದು. ಕೆಲವು ಯಂತ್ರಗಳಿಗೆ ೧೬ ಆಂಪಿಯರಿನ ದಪ್ಪ ಪ್ಲಗ್ಗು ಇರುವುದರಿಂದ ಓದುವ ಕೋಣೆಯಲ್ಲಿ ಅಂತಹ ಸಾಕೆಟ್ಟುಂಟೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಖರ್ಚಿನ ಭಯವು ಮಾತ್ರ ಬೇಡ. ೨೦೦ ವಾಟ್‌ನಂತೆ ದಿನಕ್ಕೆರಡು ಗಂಟೆ ಆಡಿದರೂ ತಿಂಗಳಿಗೆ ೧೨ ಯೂನಿಟ್ ಮಾತ್ರ.

ಇಷ್ಟಾದರೂ, ಎಲ್ಲರಿಗೂ ಬಲಿಷ್ಠವಾದ ಯಂತ್ರವೇ ಬೇಕೆಂದಲ್ಲ. ಮಕ್ಕಳು ಆಡುವ ಆಟ ಯಾವುದೆಂಬುದರ ಮೇಲೆ ಎಲ್ಲವೂ ನಿಂತಿದೆ. ೨೦೨೦ರಲ್ಲಿ ಬಂದ ವ್ಯಾಲೊರೆಂಟ್ ಎಂಬ ಆಟವು ಸಾಧಾರಣವಾದ ಹಳೆಯ ಯಂತ್ರದಲ್ಲಿಯೂ ನಡೆಯುವಂತೆ ರಚಿತವಾದುದು. ಅದೇ ವರ್ಷದ ಸೈಬರ್‌ಪಂಕ್ ೨೦೭೭ ಆದರೋ ಬಲಿಷ್ಠ ಯಂತ್ರಗಳನ್ನೂ ಬೆವರಿಸುವುದು. ಮೊದಲನೆಯದನ್ನು ಮಾತ್ರ ಆಡುವ ಹುಡುಗನಿಗೆ ಎರಡನೆಯದಕ್ಕೆ ತಕ್ಕ ಯಂತ್ರವನ್ನು ಕೊಡಿಸುವುದು ಹಣದ ಪೋಲು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಸರಿ. ಆದರೆ ಕಾಲೆಷ್ಟು ಉದ್ದವೆಂಬುದನ್ನೂ ಮೊದಲು ಅಳೆಯಬೇಕಷ್ಟೆ.

ನಾವು ಅಳೆಯಲಿಲ್ಲ. ಲ್ಯಾಪ್‌ಟಾಪು ಬಂದ ಆರನೆಯ ತಿಂಗಳಲ್ಲಿ, ಒಂದು ಭಾನುವಾರ, ಮಗನ ಪಕ್ಕದಲ್ಲಿ ಕುಳಿತು ಅವನ ಆಟವನ್ನು ಮೊದಲ ಸಲ ನೋಡಿದೆವು. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಫ್ಯಾನು ಕೂಗತೊಡಗಿತು. ಪರದೆಯ ಚಿತ್ರಗಳು ಕುಂಟತೊಡಗಿದುವು. ಅವನು ಏನೂ ಹೇಳದೆ ಆಟವನ್ನು ಮುಚ್ಚಿ ಪಾಠದ ಕಡತವನ್ನು ತೆರೆದನು. ಇದು ಅವನಿಗೆ ಅಭ್ಯಾಸವಾಗಿಹೋಗಿದೆಯೆಂದು ಆಗ ನಮಗೆ ಹೊಳೆಯಿತು. ಹೀಗಾಗುವುದು ಅಂಗಡಿಯಲ್ಲಿಯೇ ತಿಳಿದಿತ್ತೇ ಎಂದು ಕೇಳಿದೆವು. ತಿಳಿದಿತ್ತು ಎಂದನು. ಹಾಗಾದರೆ ಹೇಳಲಿಲ್ಲವೇಕೆ? “ಆಟದ ಮಾತೆತ್ತಿದರೆ ಲ್ಯಾಪ್‌ಟಾಪೇ ಬೇಡವೆನ್ನುವಿರೆಂದು ಸುಮ್ಮನಾದೆ.”

ಆ ಯಂತ್ರವು ಕೆಟ್ಟದಲ್ಲ. ಕಾಲೇಜಿಗೆ ಹೊತ್ತೊಯ್ಯಲು ಹಗುರ, ಓದಿಗೆ ಧಾರಾಳವಾಗಿ ಸಾಕು. ಚಿತ್ರದ ಅಂದವನ್ನು ಒಂದು ಮೆಟ್ಟಿಲು ಇಳಿಸಿದ ಮೇಲೆ ಆಟವೂ ಸಾಗುತ್ತದೆ. ಆದರೆ ಅದು ನಾವು ಕೊಟ್ಟ ಬೆಲೆಗೆ ಅವನು ಕೇಳಿದ ಯಂತ್ರವಲ್ಲ. ಮುಂದಿನ ವರ್ಷ ಮಗಳ ಸರದಿ. ಈ ಸಲ ವಾಟ್‌ಗಳ ಪಟ್ಟಿಯನ್ನು ಹುಡುಕುವುದಕ್ಕೆ ಮೊದಲು ಅವಳೊಡನೆ ಕುಳಿತು, ಏನೇನು ಆಡುವೆಯಮ್ಮ ಎಂದು ಕೇಳಲಿದ್ದೇವೆ. ಹುಬ್ಬು ಗಂಟಿಕ್ಕದೆ ಕೇಳಬೇಕೆಂಬುದೂ ನಿಶ್ಚಯವಾಗಿದೆ.